ಉಪವಾಸ ಯಾರಿಗೆ

ಪುತ್ತಿಗೆಯ ಜೀವಂಧರ ಪಡಿವಾಳರ ಮನೆಯಲ್ಲಿ ಕತ್ತಲಾದ ಮೇಲೆ ಯಾರೂ ಉಣ್ಣುವುದಿಲ್ಲ. ಹೊತ್ತು ಮುಳುಗುವ ಮೊದಲೇ ರಾತ್ರಿಯ ಊಟ ಮುಗಿಸುವುದು ಜೈನರ ಪದ್ಧತಿ. ಮದುವೆಯ ಗಡಿಬಿಡಿಯಲ್ಲೂ ಆ ಮನೆಯವರು ಅದನ್ನು ಬಿಟ್ಟವರಲ್ಲ. ನವೆಂಬರಿನ ಆ ಸಂಜೆ ಮಂಗಳೂರಿನಿಂದ ಹೊರಟ ಕಾರು ಮಾರ್ಗ ಅಗಲ ಮಾಡುವ ಕೆಲಸದ ನಡುವೆ ಸಿಕ್ಕಿಬಿದ್ದು, ಮೂಡುಬಿದಿರೆ ಪೇಟೆ ದಾಟುವಾಗಲೇ ಅಂಗಡಿಗಳ ದೀಪ ಹತ್ತಿತ್ತು. ಕಾರಿನಲ್ಲಿ ಜೀವಂಧರರು, ಅವರ ಹೆಂಡತಿ ಕಮಲಾವತಿ, ಕಾರು ಬಿಡುತ್ತಿದ್ದ ಮಗ ಸಮ್ಮೇದ್ ಇದ್ದರು. ಮನೆಯಲ್ಲಿ ಸೊಸೆ ದೀಕ್ಷಿತಾ ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ ಮಾಡಿಟ್ಟು ಬಾಗಿಲಲ್ಲೇ ನಿಂತಿದ್ದಳು. ಇವರು ಬರಲಿ ಎಂದು ಕಾದು ಅವಳೂ ಮಗಳು ತ್ರಿಶಾಳೂ ಊಟ ಮಾಡಿರಲಿಲ್ಲ. ಪದ್ಧತಿ ಉಳಿಯಿತು, ಮನೆಮಂದಿಯ ಊಟ ಹೋಯಿತು.

"ಒಂದು ಹೊತ್ತು ಉಣ್ಣದಿದ್ರೆ ಯಾರೂ ಸಾಯುದಿಲ್ಲ" ಎಂದರು ಜೀವಂಧರರು, ಚಪ್ಪಲಿ ಬಿಡಲು ಗೋಡೆ ಹಿಡಿದುಕೊಂಡು. ಹೇಳಿದ ಮೇಲೆ ಆ ಮಾತು ಎಲ್ಲರಿಗೂ ಬೇರೆಯಾಗಿ ಕೇಳಿಸಿತು. 

ಜೀವಂಧರರಿಗೆ ಎಪ್ಪತ್ತೊಂದು. ಪುತ್ತಿಗೆಯಲ್ಲಿ ಅವರು ಕಟ್ಟಿದ ಅಕ್ಕಿ ಮಿಲ್ಲನ್ನು ಈಗ ಸಮ್ಮೇದ್ ನೋಡಿಕೊಳ್ಳುತ್ತಾನೆ. ಆದರೂ ಕುಚ್ಚಲಕ್ಕಿಗೆಂದು ಭತ್ತ ಬೇಯಿಸುವಾಗ ಹದ ನೋಡಲು ಅವರೇ ಬೇಕು. ಹಬೆಯ ವಾಸನೆಯಿಂದಲೇ, ಇನ್ನು ಸಾಕು, ಬೆಂಕಿ ತೆಗೆಯಿರಿ ಎನ್ನುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡಾಗ, ಪ್ರಾಯದಲ್ಲಿ ಮೂಟೆ ಹೊತ್ತದ್ದು ಈಗ ಕೇಳುತ್ತಿದೆ ಎಂದುಕೊಂಡು ಎಣ್ಣೆ ಹಚ್ಚಿಸಿಕೊಂಡರು. ಮೂತ್ರ ಕಟ್ಟತೊಡಗಿದ್ದನ್ನು ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಮಿಲ್ಲಿನ ಮೆಟ್ಟಿಲ ಮೇಲೆ ಕೂತವರಿಗೆ ಏಳಲು ಆಗಲಿಲ್ಲ. ಆಮೇಲೆ ರಕ್ತ ಪರೀಕ್ಷೆ, ಮಾಂಸದ ತುಣುಕು ತೆಗೆದು ಪರೀಕ್ಷೆ, ಕೊನೆಗೆ ಮೈಯ ಎಲುಬಿಗೆಲ್ಲ ಸ್ಕ್ಯಾನ್.

ಅದರ ಫಲಿತಾಂಶ ಹೇಳಲೆಂದೇ ಆ ದಿನ ಮಂಗಳೂರಿಗೆ ಕರೆದದ್ದು. ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಸಮ್ಮೇದ್ ಮೊದಲೇ ಒಳಗೆ ಹೋಗಿ, ಅಪ್ಪನ ಎದುರು ಎಲ್ಲವನ್ನೂ ಹೇಳಬೇಡಿ ಎಂದು ಕೇಳಿಕೊಂಡಿದ್ದ. ಆಕೆ ಅವನಿಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಜೀವಂಧರರು ಕೂತ ಮೇಲೆ ಅವರನ್ನೇ ಕೇಳಿದರು, ಎಷ್ಟು ಹೇಳಬೇಕು ಎಂದು.

"ಅನ್ನದಲ್ಲಿ ಕಲ್ಲಿದ್ರೆ ಉಣ್ಣುವವನಿಗೆ ಗೊತ್ತಿರ್ಬೇಕಲ್ವಾ" ಎಂದರು ಜೀವಂಧರರು.

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದರು. ಅಲ್ಲಿ ಒಂದು ಅಸ್ಥಿಪಂಜರ ನೆಟ್ಟಗೆ ನಿಂತಿತ್ತು. ಬುರುಡೆ, ಒಂದರ ಕೆಳಗೊಂದು ಬಾಗಿದ ಪಕ್ಕೆಲುಬುಗಳು, ಸರದ ಮಣಿಗಳಂತೆ ಬೆನ್ನು.

"ಇದು ನಾನಾ?"

"ನೀವೇ."

ಜೀವಂಧರರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಇಷ್ಟು ಸಪೂರದ ಕಟ್ಟಿನ ಮೇಲೆ ನಿಂತು ತಾನು ಇಷ್ಟು ವರ್ಷ ಮೂಟೆ ಹೊತ್ತೆನೇ, ಮಕ್ಕಳನ್ನು ಎತ್ತಿದೆನೇ, ಬಸದಿಯ ಮೆಟ್ಟಿಲು ಹತ್ತಿದೆನೇ ಎಂದು ಅವರಿಗೆ ಸೋಜಿಗವಾಯಿತು. ಯಾವ ಆಚಾರಿಯೂ ಇಷ್ಟು ನಯವಾಗಿ ಜೋಡಿಸಲಾರ. ಬೆನ್ನಿನಲ್ಲಿ, ಸೊಂಟದಲ್ಲಿ, ಒಂದು ಪಕ್ಕೆಲುಬಿನ ತುದಿಯಲ್ಲಿ ಕಪ್ಪು ಕಲೆಗಳಿದ್ದವು. ಪಕ್ಕದಲ್ಲಿ ಸಮ್ಮೇದನ ಉಸಿರು ಏರುವುದು ಕೇಳಿಸಿದಾಗಲೇ ಅವರಿಗೆ ತಾವು ನೋಡಬೇಕಾದದ್ದು ಆ ಕಲೆಗಳನ್ನು ಎಂದು ನೆನಪಾದದ್ದು.

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಎಲುಬಿಗೆ ಇಳಿದಿದೆ ಎಂದು ಡಾಕ್ಟರು ವಿವರಿಸಿದರು. ಬೇರುಸಹಿತ ಕೀಳುವ ಹಂತ ದಾಟಿದೆ, ಆದರೆ ಹಿಡಿದು ನಿಲ್ಲಿಸಬಹುದು, ವರ್ಷಗಟ್ಟಲೆ ನಿಂತವರಿದ್ದಾರೆ. ಗಂಡಸಿನ ಮೈಯ ಹಾರ್ಮೋನೇ ಈ ರೋಗಕ್ಕೆ ಊಟ. ಆ ಊಟ ನಿಲ್ಲಿಸಿದರೆ ಅದು ಬಾಡುತ್ತದೆ. ನಿಲ್ಲಿಸಲು ಎರಡು ದಾರಿ. ಸಣ್ಣದೊಂದು ಆಪರೇಶನ್ ಮಾಡಿ ಎರಡೂ ಬೀಜಗಳನ್ನು ತೆಗೆದುಬಿಡುವುದು, ಒಮ್ಮೆಗೇ ಮುಗಿಯಿತು. ಅದು ಬೇಡವಾದರೆ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್. ಯಾವ ದಾರಿ ಹಿಡಿದರೂ ಆಸೆ ತಗ್ಗುತ್ತದೆ, ಕಸುವು ಕಡಿಮೆಯಾಗುತ್ತದೆ, ಎಲುಬು ಸವೆಯುತ್ತದೆ, ಮೈಗೆ ಬಿಸಿ ಏರುತ್ತದೆ. ಅದರ ಜೊತೆಗೆ ದಿನಾ ಮಾತ್ರೆ ಕೊಡಬಹುದು, ಕೆಲವು ತಿಂಗಳು ಕಿಮೋ ಕೊಡಬಹುದು, ಎರಡನ್ನೂ ಕೊಡಬಹುದು. ಎಲ್ಲರಿಗೂ ಒಂದೇ ಸರಿ ಎಂಬುದಿಲ್ಲ. ಮನೆಯಲ್ಲಿ ಮಾತಾಡಿ ಬನ್ನಿ, ಆದರೆ ಬೆನ್ನಿನ ಎಲುಬಾದ್ದರಿಂದ ತುಂಬಾ ದಿನ ತೆಗೆದುಕೊಳ್ಳಬೇಡಿ ಎಂದರು.

ಹಸಿದ ಹೊಟ್ಟೆಯಲ್ಲಿ ಆ ಸಂಜೆ ಮಾತು ಶುರುವಾದದ್ದು ಚಾವಡಿಯಲ್ಲಿ. ಸಮ್ಮೇದನದು ಒಂದೇ ಹಟ, ಇದ್ದದ್ದೆಲ್ಲವನ್ನೂ ಮಾಡಿಸಬೇಕು. ಆಪರೇಶನ್, ಮಾತ್ರೆ, ಕಿಮೋ, ಒಂದನ್ನೂ ಬಿಡುವುದು ಬೇಡ. ಪಿಯುಸಿ ಓದುತ್ತಿದ್ದ ತ್ರಿಶಾ ಮೊಬೈಲಿನಲ್ಲಿ ನೋಡಿ, ಕಿಮೋದಿಂದ ಅಜ್ಜನಿಗೆ ಏನೇನು ಆಗಬಹುದು ಎಂದು ಓದಲು ಹೋದಳು. ಓದುವುದು ನಿಲ್ಲಿಸು ಎಂದು ಅವಳಪ್ಪ ಗದರಿದ. ಓದದೆ ತೀರ್ಮಾನ ಮಾಡುವುದು ಹೇಗೆ ಎಂದು ಅವಳು ತಿರುಗಿ ಕೇಳಿದಳು. ದೀಕ್ಷಿತಾ ನಡುವೆ ಬಂದು ಇಬ್ಬರನ್ನೂ ಸುಮ್ಮನಾಗಿಸಿದಳು. ಜೀವಂಧರರು ಮಾತ್ರ, ನೋಡುವ, ಎಂದಷ್ಟೇ ಹೇಳಿ ಎದ್ದುಹೋದರು. ಕಮಲಾವತಿಯನ್ನು ಯಾರೂ ಏನೂ ಕೇಳಲಿಲ್ಲ.

ಆ 'ನೋಡುವ' ದಿನದಿಂದ ದಿನಕ್ಕೆ ಮುಂದಕ್ಕೆ ಹೋಯಿತು. ಜೀವಂಧರರು ಮಿಲ್ಲಿಗೆ ಹೋಗುವುದು ನಿಲ್ಲಿಸಿದರು. ಆಸ್ಪತ್ರೆಯಿಂದ ಫೋನು ಬಂದರೆ ತೆಗೆಯಲಿಲ್ಲ. ಬಟ್ಟಲಿನಲ್ಲಿ ಅರ್ಧ ಗಂಜಿ ಬಿಡತೊಡಗಿದರು. ಆಸ್ಪತ್ರೆಯಲ್ಲಿ ಆಹಾರ ಹೇಳುವ ಹುಡುಗಿ ಮೊಟ್ಟೆ ತಿನ್ನಬೇಕು ಎಂದಿದ್ದಳು. ಅದು ಆಗದ ಮಾತು ಎಂದು ಕಮಲಾವತಿ ಹೆಸರುಕಾಳು ಮೊಳಕೆ ಬರಿಸಿ, ಹುರುಳಿಯ ಸಾರು ಮಾಡಿ ಬಡಿಸಿದರೆ ಅದೂ ತಟ್ಟೆಯ ಅಂಚಿನಲ್ಲೇ ಉಳಿಯುತ್ತಿತ್ತು.

ವಿಷಯ ಕಿವಿಗೆ ಬಿದ್ದು ಬೆಳ್ತಂಗಡಿಯಿಂದ ಧರಣೇಂದ್ರ ಭಾವ ಬಂದರು. ಜೀವಂಧರರ ಅಕ್ಕನ ಗಂಡ, ಎಂಬತ್ತರ ಹತ್ತಿರದ ಶಾಂತ ಮನುಷ್ಯ, ಶಾಸ್ತ್ರ ಓದಿಕೊಂಡವರು. ಇಬ್ಬರೂ ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಕೂತು ಹಳೆಯದನ್ನು ಮಾತಾಡಿದರು. ಮಾತು ಜೀವಂಧರರ ತಾಯಿಯ ಕೊನೆಯ ದಿನಗಳಿಗೆ ಹೊರಳಿತು. ಆಕೆ ಸಲ್ಲೇಖನ ವ್ರತ ಹಿಡಿದು, ಅನ್ನವನ್ನೂ ಆಮೇಲೆ ನೀರನ್ನೂ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ, ಎಲ್ಲರ ಕ್ಷಮೆ ಕೇಳಿ, ದೇವರ ಹೆಸರು ಹೇಳುತ್ತಲೇ ಹೋಗಿದ್ದರು. ಊರೇ ಬಂದು ಕೈಮುಗಿದಿತ್ತು. ಆಸ್ಪತ್ರೆಯಲ್ಲಿ ನಳಿಗೆ ಚುಚ್ಚಿಸಿಕೊಂಡು ಸಾಯುವುದಕ್ಕಿಂತ ಆ ಸಾವು ಎಷ್ಟು ದೊಡ್ಡದು ಎಂದು ಭಾವ ಹೇಳಿದಾಗ ಜೀವಂಧರರ ಮುಖ ಎಷ್ಟೋ ದಿನಗಳ ನಂತರ ಅರಳಿತು.

ಆ ಸಂಜೆ ಬಿಸಿಲು ಇರುವಾಗಲೇ ಎಲ್ಲರೂ ಊಟಕ್ಕೆ ಕೂತರು. ಸೌತೆಕಾಯಿ ಹುಳಿ, ಹಲಸಿನ ಹಪ್ಪಳ, ಗಂಜಿ. ಜೀವಂಧರರು ಊಟದ ನಡುವೆ ತಮ್ಮ ತೀರ್ಮಾನ ಹೇಳಿದರು. ಆಪರೇಶನ್ ಬೇಡ, ಇಂಜೆಕ್ಷನ್ ಬೇಡ, ಯಾವುದೂ ಬೇಡ. ಅಮ್ಮನ ದಾರಿಯಲ್ಲಿ ಹೋಗುತ್ತೇನೆ. ಮೊದಲು ಒಂದು ಹೊತ್ತಿನ ಊಟ ಬಿಡುತ್ತೇನೆ, ಮತ್ತೆ ನೋಡುವ.

ಸಮ್ಮೇದನ ಕೈ ಬಟ್ಟಲಿನಲ್ಲೇ ನಿಂತಿತು. ಮದ್ದು ಇರುವಾಗ ಸಾಯಲು ಹೊರಡುವುದು ಯಾವ ಧರ್ಮ ಎಂದು ಅವನು ಅಪ್ಪನ ಮೇಲೆ ಎಂದೂ ಏರಿಸದ ದನಿ ಏರಿಸಿದ. ಧರ್ಮದ ಮಾತು ನೀನು ನನಗೆ ಕಲಿಸಬೇಡ ಎಂದರು ಜೀವಂಧರರು. ತ್ರಿಶಾ ಅಳತೊಡಗಿದಳು. ಭಾವ ಏನೋ ಹೇಳಲು ಬಾಯಿ ತೆರೆದವರು ಕಮಲಾವತಿ ಹುಳಿಯ ಪಾತ್ರೆಯನ್ನು ಕೆಳಗಿಟ್ಟ ಸದ್ದಿಗೆ ಸುಮ್ಮನಾದರು.

ಕಮಲಾವತಿ ಊಟದ ಹೊತ್ತಿನಲ್ಲಿ ಬಡಿಸುವವರೇ ಹೊರತು ಮಾತಾಡುವವರಲ್ಲ. ಸೌಟು ಕೈಯಲ್ಲಿ ಹಿಡಿದುಕೊಂಡೇ ಗಂಡನ ಎದುರು ನಿಂತರು.

"ಅತ್ತೆಗೆ ತೊಂಬತ್ತು ದಾಟಿತ್ತು. ಇನ್ನು ಮದ್ದಿಲ್ಲ ಅಂತ ಡಾಕ್ಟರುಗಳು ಹೇಳಿ ಆಗಿತ್ತು. ಕೊನೆಯ ದಿನದವರೆಗೆ ಅವರ ಹತ್ತಿರ ಕೂತದ್ದು ನಾನು. ಅವರ ಮುಖ ನನಗೆ ಗೊತ್ತುಂಟು. ಅದು ಹೆದರಿದ ಮುಖ ಅಲ್ಲ. ನಿಮ್ಮದು ಹೆದರಿದ ಮುಖ."

ಕಮಲಾವತಿ ಗಂಜಿಯ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಎಂಥದಕ್ಕೆ ಹೆದರಿಕೆ ಅಂತಲೂ ನನಗೆ ಗೊತ್ತುಂಟು. ಮಕ್ಕಳ ಎದುರು ಹೇಳುದಿಲ್ಲ. ಡಾಕ್ಟರಮ್ಮ ಹೇಳಿದ್ದು ನೀವೂ ಕೇಳಿದ್ದೀರಿ. ಉಪವಾಸ ಬೀಳ್ಬೇಕಾದ್ದು ಆ ರೋಗ. ನೀವು ಊಟ ಮಾಡಿ."

ಅಷ್ಟು ಹೇಳಿ ಬಗ್ಗಿ, ಗಂಡನ ಬಟ್ಟಲಿಗೆ ಮತ್ತೊಂದು ಸೌಟು ಗಂಜಿ ಹಾಕಿದರು. 

ಮೊದಲು ಮಾತಾಡಿದವರು ಧರಣೇಂದ್ರ ಭಾವ. ಅವರು ಕೂತಲ್ಲಿಂದಲೇ ಕಮಲಾವತಿಗೆ ಕೈಮುಗಿದರು. ವ್ರತ ಇರುವುದು ಉಪಾಯವಿಲ್ಲದ ರೋಗಕ್ಕೆ, ಉಪಾಯ ಇರುವಾಗ ಅದನ್ನು ಹಿಡಿಯುವಂತಿಲ್ಲ, ತಾನು ಅತ್ತೆಯ ನೆನಪಿನಲ್ಲಿ ಅದನ್ನು ಮರೆತು ಮಾತಾಡಿದೆ ಎಂದರು. ಜೀವಂಧರರು ಹೆಂಡತಿಯನ್ನು ತಲೆಯೆತ್ತಿ ನೋಡಿದರು. ನಲವತ್ತಕ್ಕೂ ಹೆಚ್ಚು ವರ್ಷ ಜೊತೆಗಿದ್ದವಳು ತನ್ನ ಮುಖ ಓದುತ್ತಿದ್ದಳು ಎಂಬುದು ಅವರಿಗೆ ಗೊತ್ತಿರಲಿಲ್ಲ. ಆಮೇಲೆ ತಲೆ ತಗ್ಗಿಸಿ ಗಂಜಿಯನ್ನು ಕೊನೆಯ ಅಗುಳಿನವರೆಗೆ ಉಂಡರು.

ಮರುದಿನ ಬೆಳಿಗ್ಗೆ ಕಮಲಾವತಿ ಇನ್ನೊಂದು ವಿಷಯ ಹೇಳಿದರು. ಬಂಟ್ವಾಳದ ನಿಝಾರನಿಗೂ ಇದೇ ರೋಗ ಬಂದು ಎಲುಬಿಗೆ ಇಳಿದಿತ್ತು. ನಿಝಾರ್ ಹಿಂದೆ ಲಾರಿಯಲ್ಲಿ ವಾಮದಪದವು ಕಡೆಯ ಭತ್ತವನ್ನು ಇವರ ಮಿಲ್ಲಿಗೆ ತರುತ್ತಿದ್ದವನು. ಅವನ ಹೆಂಡತಿ ಮಾಜಿದಾ ಉಪವಾಸದ ತಿಂಗಳಿಗೆ ಅಕ್ಕಿ ಒಯ್ಯಲು ಬಂದಿದ್ದಾಗ ಅಡುಗೆಮನೆಯಲ್ಲಿ ಕೂತು ಹೇಳಿದ್ದಳಂತೆ. ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಎಂದು ಜೀವಂಧರರು ಕೇಳಿದರು. ಅದು ಮಾಜಿದಾ ನನಗೆ ಹೇಳಿದ್ದು, ನಿಮಗಲ್ಲ ಎಂದರು ಕಮಲಾವತಿ. ಈಗ ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ, ಹೋಗಿ ಮಾತಾಡುವ.

ಭಾನುವಾರ ದೀಕ್ಷಿತಾ ಕಾರಿನಲ್ಲಿ ಇಬ್ಬರನ್ನೂ ಸಿದ್ದಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಕರೆದುಕೊಂಡು ಹೋದಳು. ನೇತ್ರಾವತಿಯ ಬದಿಯಲ್ಲಿ ನಿಝಾರನ ಮನೆ. ಆಚೆ ದಡದ ತೆಂಗಿನ ತಲೆಗಳು ಜಗಲಿಗೇ ಕಾಣುತ್ತಿದ್ದವು. ಪಡಿವಾಳರು ಹೊರಗೆ ಬೇಯಿಸಿದ್ದು ತಿನ್ನುವುದಿಲ್ಲ ಎಂದು ಗೊತ್ತಿದ್ದ ಮಾಜಿದಾ ಅವರ ಎದುರಿಗೇ ಕತ್ತಿ ತೊಳೆದು ಸೀಯಾಳ ಕೆತ್ತಿ ಕೊಟ್ಟಳು. ಹೆಂಗಸರು ಒಳಗೆ ಹೋದರು.

ನಿಝಾರ್ ಮೊದಲಿಗಿಂತ ಸ್ವಲ್ಪ ದಪ್ಪಗಾಗಿದ್ದ, ಗಡ್ಡ ಬೆಳ್ಳಗಾಗಿತ್ತು. ಮಗಳ ಮಗು ಅವನ ತೊಡೆಯ ಮೇಲೆ ಮಲಗಿತ್ತು. ಜೀವಂಧರರಿಗೆ ಮಾತು ಎಲ್ಲಿಂದ ತೆಗೆಯುವುದು ಎಂದು ತಿಳಿಯಲಿಲ್ಲ. ಭತ್ತದ ಬೆಳೆಯ ಬಗ್ಗೆ, ಹೊಸ ಸೇತುವೆಯ ಬಗ್ಗೆ ಕೇಳಿದರು. ನಿಝಾರ್ ಎಲ್ಲಕ್ಕೂ ಉತ್ತರ ಕೊಟ್ಟು, ಮಗುವಿನ ಮೇಲೆ ಕೂರುತ್ತಿದ್ದ ನೊಣ ಓಡಿಸಿ, ತಾನೇ ಶುರು ಮಾಡಿದ. ತಾನು ಆಪರೇಶನ್ ಮಾಡಿಸಿಕೊಂಡೆ, ಮತ್ತೆ ಮತ್ತೆ ಆಸ್ಪತ್ರೆಗೆ ಓಡುವ ಮನಸ್ಸಿರಲಿಲ್ಲ. ಮೊದಲ ವರ್ಷ ಮಾಜಿದಾಳ ಮುಖ ನೋಡಲು ನಾಚಿಕೆ. ಬೇರೆ ಕೋಣೆಯಲ್ಲಿ ಮಲಗಿದೆ. ಒಂದು ದಿನ ಅವಳೇ ಚಾಪೆ ಹಿಡಿದುಕೊಂಡು ಆ ಕೋಣೆಗೆ ಬಂದಳು, ಏನೂ ಹೇಳಲಿಲ್ಲ, ಮಲಗಿದಳು, ಅಷ್ಟೆ.

"ಹೋದದ್ದು ಉಂಟು ಧಣಿ, ಸುಳ್ಳು ಹೇಳುದಿಲ್ಲ" ಎಂದ ನಿಝಾರ್. "ಆದ್ರೆ ಹೋದದ್ದೇ ನಾನು ಅಂತ ಎಣಿಸಿದ್ದೆ. ಅದು ಸುಳ್ಳಾಯ್ತು. ನಾನು ಇಲ್ಲೇ ಇದ್ದೇನೆ."

ಹಾಗಾದರೆ ನಾನೂ ಆಪರೇಶನ್ನೇ ಮಾಡಿಸಿಕೊಳ್ಳಲಾ ಎಂದು ಜೀವಂಧರರು ಕೇಳಿದರು. ನಿಝಾರ್ ತಲೆಯಾಡಿಸಿದ. ನನ್ನ ಅಂಗಿ ನಿಮಗೆ ಹೊಂದಬೇಕೆಂದಿಲ್ಲ, ನಿಮ್ಮ ಅಳತೆ ನೀವೇ ನೋಡಬೇಕು ಎಂದ. ಮಗು ಎದ್ದು ಅವನ ಗಡ್ಡಕ್ಕೆ ಕೈ ಹಾಕಿತು. ಅವನು ಅದನ್ನು ಎತ್ತಿ ಭುಜದ ಮೇಲೆ ಕೂರಿಸಿಕೊಂಡು, ಗೇಟಿನವರೆಗೆ ಬೀಳ್ಕೊಡಲು ಬಂದ. ಎಲುಬಿನವರೆಗೆ ಇಳಿದ ರೋಗವನ್ನು ಹೊತ್ತ ಮನುಷ್ಯ, ಮೊಮ್ಮಗುವನ್ನೂ ಹೊತ್ತುಕೊಂಡು ನಡೆಯುವುದನ್ನು ಜೀವಂಧರರು ಹಿಂದಿನಿಂದ ಕಣ್ಣು ಕೀಳದೆ ನೋಡಿದರು.

ದೀಕ್ಷಿತಾ ಕಾರನ್ನು ತಿರುಗಿಸುವ ತನಕ ಗಂಡ ಹೆಂಡತಿ ಹೊಳೆಯ ಬದಿಯಲ್ಲಿ ನಿಂತರು. ಜೀವಂಧರರು ನೀರಿನತ್ತ ನೋಡಿಕೊಂಡೇ ಕೇಳಿದರು.

"ನೀನು ಎಂತ ಹೇಳ್ತಿ? ಯಾವುದು ಮಾಡುವ?"

ಮಿಲ್ಲು ಕಟ್ಟುವಾಗ, ಮಗನಿಗೆ ಹೆಣ್ಣು ನೋಡುವಾಗ, ಗದ್ದೆ ಮಾರುವಾಗ ಅವರು ಈ ಪ್ರಶ್ನೆ ಕೇಳಿದವರಲ್ಲ. ಕಮಲಾವತಿ ಸೆರಗಿನ ತುದಿ ಸರಿಮಾಡಿಕೊಂಡರು.

"ಯಾವ ಮದ್ದು ಅಂತ ನನಗೆ ಗೊತ್ತಿಲ್ಲ. ಮೈ ನಿಮ್ಮದು. ನನಗೆ ಎಂಥದೂ ಕಡಿಮೆ ಆಗುದಿಲ್ಲ. ಅಷ್ಟು ಮಾತ್ರ ನನ್ನಿಂದ ಹೇಳ್ಲಿಕ್ಕೆ ಆಗ್ತದೆ."

ಆ ವಾರವೇ ಮಂಗಳೂರಿಗೆ ಹೋದರು. ಈ ಸಲ ಡಾಕ್ಟರು, ನಿಮಗೆ ಮುಖ್ಯವಾಗಿ ಏನು ಬೇಕು ಎಂದು ಕೇಳಿದಾಗ ಜೀವಂಧರರ ಹತ್ತಿರ ಉತ್ತರವಿತ್ತು. ನನ್ನ ಕಾಲ ಮೇಲೆ ನಿಲ್ಲಬೇಕು. ಈ ಬೆಳೆಯ ಭತ್ತ ಬೇಯುವಾಗ ಮಿಲ್ಲಿನಲ್ಲಿ ಇರಬೇಕು. ಆಪರೇಶನ್ ಒಮ್ಮೆ ಆದರೆ ಹಿಂದೆ ಬರುವ ದಾರಿ ಇಲ್ಲ; ಇಂಜೆಕ್ಷನ್ನಿಗೆ ಮನಸ್ಸು ಒಪ್ಪುತ್ತದೆ, ಮಾತ್ರೆಯೂ ಆಗಬಹುದು, ಕಿಮೋ ಈಗ ಬೇಡ. ಮಾತ್ರೆಯ ಬಗ್ಗೆ ಅವರು ಇನ್ನೊಂದು ಕೇಳಿದರು, ಅದರ ಹೊದಿಕೆ ಯಾವುದರಿಂದ ಮಾಡಿದ್ದು ಎಂದು. ಡಾಕ್ಟರು ಒಂದು ಕ್ಷಣ ಅವರನ್ನೇ ನೋಡಿ, ತಾನು ಬರೆಯಬೇಕೆಂದಿದ್ದ ಎರಡರಲ್ಲಿ ಒಂದು ಕ್ಯಾಪ್ಸೂಲು, ಅದರ ಹೊದಿಕೆ ಪ್ರಾಣಿಯ ಎಲುಬು ಚರ್ಮದಿಂದ ಬರುವಂಥದು, ಇನ್ನೊಂದು ಬರೀ ಮಾತ್ರೆ ಎಂದರು. ಆ ಬರೀ ಮಾತ್ರೆಯನ್ನು ಪೂರ್ತಿ ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಅದೇ ಎಷ್ಟೋ ಜನರಿಗೆ ಕಷ್ಟ. ನಾವು ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ ಎಂದು ಕಮಲಾವತಿ ಹೇಳಿದಾಗ ಡಾಕ್ಟರಿಗೆ ನಗು ಬಂತು. ಈ ಮಾತ್ರೆ ನಿಮ್ಮ ಮನೆಗೆಂದೇ ಮಾಡಿದ ಹಾಗಿದೆ ಎಂದರು.

ಸಮ್ಮೇದನಿಗೆ ನಗು ಬರಲಿಲ್ಲ. ಹೊರಗೆ ಬಂದವನೇ, ಮೂರನೆಯದನ್ನು ಬಿಟ್ಟದ್ದು ಯಾಕೆ ಎಂದು ಶುರು ಮಾಡಿದ. ಮೂರೂ ಸೇರಿದರೆ ಇನ್ನೂ ಹೆಚ್ಚು ಕಾಲ ಹಿಡಿಯಬಹುದು ಎಂದು ಡಾಕ್ಟರೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮೈ ಸೋಲುವುದೂ ಹೆಚ್ಚು ಎಂದೂ ಹೇಳಿದ್ದರು. ಅವನಿಗೆ ಮೊದಲನೆಯದು ಮಾತ್ರ ಕೇಳಿಸಿತ್ತು.

"ನಾಳೆ ಎಂತಾದ್ರೂ ಆದ್ರೆ ಊರಿನವರು ನನ್ನನ್ನು ಕೇಳ್ತಾರೆ ಅಪ್ಪ, ಒಂದು ಯಾಕೆ ಬಿಟ್ಟದ್ದು ಅಂತ."

"ಅಪ್ಪ ಕೇಳ್ಲಿಲ್ಲ ಅಂತ ಹೇಳು."

ಮನೆ ಮುಟ್ಟುವವರೆಗೆ ಸಮ್ಮೇದ್ ಬಾಯಿ ಬಿಡಲಿಲ್ಲ. ಆಮೇಲೂ ಅಪ್ಪನ ಜೊತೆ ಮಾತು ನಿಲ್ಲಿಸಿದ. ಹೇಳಲಿಕ್ಕಿದ್ದುದೆಲ್ಲ ತ್ರಿಶಾಳ ಮೂಲಕ. ಅಜ್ಜ, ಇವತ್ತು ಭತ್ತ ನೆನೆ ಹಾಕುವುದಾ ಎಂದು ಅಪ್ಪ ಕೇಳುತ್ತಾರೆ. ಅಪ್ಪ, ನಾಳೆ ಹಾಕಲಿ ಎಂದು ಅಜ್ಜ ಹೇಳುತ್ತಾರೆ. ಒಂದೇ ಚಾವಡಿಯಲ್ಲಿ ಕೂತವರ ನಡುವೆ ಓಡಾಡಿ ಅವಳಿಗೆ ಸಾಕಾಯಿತು.

ಹೊಟ್ಟೆಗೆ ಇಂಜೆಕ್ಷನ್ ಕೊಟ್ಟು ಕಳುಹಿಸಿದ್ದರು. ಬೆಳಿಗ್ಗೆ ಹೊತ್ತು ಮೂಡಿದ ಮೇಲೆ ತ್ರಿಶಾ ಅಜ್ಜನಿಗೆ ಮಾತ್ರೆ, ಸೋಸಿದ ನೀರು ತಂದುಕೊಡುವಳು. ಆಮೇಲೆ ಒಂದು ಗಂಟೆ ಕಾಯಬೇಕು. ಆ ಒಂದು ಗಂಟೆ ಜೀವಂಧರರು ಜಗಲಿಯಲ್ಲಿ ಕೂತು, ಮಿಲ್ಲಿನ ಕಡೆಯಿಂದ ಬರುವ ಹಬೆಯ ವಾಸನೆ ಹಿಡಿದು, ಇವತ್ತು ಬೆಂಕಿ ಹೆಚ್ಚಾಯಿತು ಎಂದು ಗೊಣಗುತ್ತಿದ್ದರು. ಅದನ್ನೂ ತ್ರಿಶಾಳೇ ಮಿಲ್ಲಿಗೆ ಫೋನು ಮಾಡಿ ಹೇಳಬೇಕು.

ಎರಡನೆಯ ವಾರ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಜೀವಂಧರರು ಸ್ನಾನ ಮುಗಿಸಿ ಅಂಗಳಕ್ಕೆ ಬಂದವರು ಹಾಗೆಯೇ ನಿಂತರು. ಮುಂಡು ಉಟ್ಟುಕೊಂಡಾಗಿತ್ತು. ಗೋಡೆ ಹಿಡಿಯದೆ ಉಟ್ಟಿದ್ದರು. ಸೊಂಟಕ್ಕೆ ಕೈ ಹಚ್ಚಿ ನೋಡಿದರು. ಮೆಲ್ಲನೆ ಬಗ್ಗಿ ನೆಲದಲ್ಲಿ ಬಿದ್ದಿದ್ದ ಒಂದು ಮಾವಿನೆಲೆಯನ್ನು ಎತ್ತಿಕೊಂಡರು. ತಿಂಗಳುಗಳಿಂದ ಹಗಲೂ ರಾತ್ರಿ ಜೊತೆಗಿದ್ದ ನೋವು, ಹೇಳದೆ ಎದ್ದುಹೋದ ನೆಂಟನ ಹಾಗೆ ಹೋಗಿಬಿಟ್ಟಿತ್ತು.

ಕಮಲಾವತಿಯನ್ನು ಕರೆದರು. ಅವರು ದೋಸೆಯ ಹಿಟ್ಟಿನ ಕೈಯಲ್ಲೇ ಓಡಿಬಂದರು.

"ನೋಡು" ಎಂದು ಮತ್ತೆ ಬಗ್ಗಿ ಎದ್ದರು.

 ಇನ್ನೊಮ್ಮೆ ಬಗ್ಗಿ ಎಂದರು ಕಮಲಾವತಿ. ಅವರು ಬಗ್ಗಿದರು. ದೀಕ್ಷಿತಾ ಬಂದು ಬಾಗಿಲಲ್ಲಿ ನಿಂತಳು, ತ್ರಿಶಾ ಬಂದಳು. ಅಜ್ಜ ಅಂಗಳದ ನಡುವೆ, ಬೆಳಗಿನ ಬಿಸಿಲಿನಲ್ಲಿ, ಒಂದೊಂದೇ ಎಲೆ ಹೆಕ್ಕಿ ಎದ್ದು ನಿಲ್ಲುವುದನ್ನು ಮನೆಯವರೆಲ್ಲ ಉಸಿರು ಹಿಡಿದು ನೋಡಿದರು. ಬಸದಿಯಲ್ಲಿ ಅಭಿಷೇಕ ನೋಡುವಾಗಲೂ ಅವರು ಅಷ್ಟು ಮೌನವಾಗಿ ನಿಂತಿರಲಿಲ್ಲ. ಮಿಲ್ಲಿಗೆ ಹೊರಟಿದ್ದ ಸಮ್ಮೇದ್ ಬೈಕಿನ ಕೀಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಅವನ ಕಣ್ಣು ತುಂಬಿತ್ತು.

"ಸಾಕು ಅಪ್ಪ" ಎಂದ ಅವನು, ಎಷ್ಟೋ ದಿನಗಳ ಮೇಲೆ ನೇರವಾಗಿ. "ಬೀಳ್ತೀರಿ."

"ಬೀಳುದಿಲ್ಲ. ಬೈಕಿನಲ್ಲಿ ನನ್ನನ್ನೂ ಕರ್ಕೊಂಡು ಹೋಗು. ಭತ್ತ ಹಾಳು ಮಾಡ್ತಾ ಇದ್ದೀರಿ ನೀವು."

ಬೈಕು ಬೇಡ, ಕಾರು ತೆಗೆಯುತ್ತೇನೆ ಎಂದ ಸಮ್ಮೇದ್.

ಫೆಬ್ರವರಿಯಲ್ಲಿ ಮತ್ತೆ ರಕ್ತ ಪರೀಕ್ಷೆ ಆಯಿತು. ಮೊಬೈಲಿಗೆ ಬಂದ, ರೋಗದ ಮಟ್ಟ ತೋರಿಸುವ ಅಂಕಿಯನ್ನು ನೋಡಿ ತ್ರಿಶಾ, ದಶಮಾಂಶದ ಚುಕ್ಕಿ ಎಲ್ಲೋ ತಪ್ಪಿ ಬಿದ್ದಿರಬೇಕು ಎಂದುಕೊಂಡಳು. ತಪ್ಪಿರಲಿಲ್ಲ. ನೂರಾರು ಇದ್ದದ್ದು ಒಂದಂಕಿಗೆ ಇಳಿದಿತ್ತು. ಡಾಕ್ಟರು ಸಂತೋಷಪಟ್ಟರು, ಆದರೆ ಮಾತು ಸಿಹಿ ಮಾಡಲಿಲ್ಲ. ಇದು ಗುಣವಾದದ್ದಲ್ಲ, ಹಸಿದು ಮಲಗಿದೆ. ಯಾವತ್ತಾದರೂ ಒಂದು ದಿನ ಅದು ಬೇರೆ ಊಟ ಹುಡುಕಿಕೊಳ್ಳುತ್ತದೆ, ಆಗ ಬೇರೆ ದಾರಿಗಳಿವೆ, ಬಿಟ್ಟ ಕಿಮೋ ಕೂಡ ಉಂಟು. ಆ ದಿನ ಯಾವಾಗ ಎಂದು ಸಮ್ಮೇದ್ ಕೇಳಿದ. ಗೊತ್ತಿಲ್ಲ ಎಂದರು ಡಾಕ್ಟರು. ಹಿಂದೊಮ್ಮೆ ಅಂಥ ಉತ್ತರಕ್ಕೆ ಅವನು ಜಗಳಕ್ಕೆ ನಿಲ್ಲುತ್ತಿದ್ದ. ಈಗ ತಲೆಯಾಡಿಸಿ, ಅಪ್ಪ ಕುರ್ಚಿಯಿಂದ ಏಳಲು ಕೈ ಕೊಡಲು ಹೋದ. ಅಪ್ಪ ಆಗಲೇ ಎದ್ದಿದ್ದರು.

ಆದರೆ ಡಾಕ್ಟರು ಮೊದಲೇ ಹೇಳಿದ್ದ ಇನ್ನೊಂದೂ ಬಂತು. ಸೆಕೆ ಇನ್ನೂ ಶುರುವಾಗಿರಲಿಲ್ಲ. ಒಂದು ಮಧ್ಯಾಹ್ನ ಮಿಲ್ಲಿನಲ್ಲಿ ನಿಂತಿದ್ದಾಗ ಜೀವಂಧರರ ಎದೆಯೊಳಗೆ ಯಾರೋ ಒಲೆ ಹೊತ್ತಿಸಿದಂತಾಯಿತು. ಬಿಸಿ ಕುತ್ತಿಗೆಗೆ ಏರಿ, ಕಿವಿಗೆ ಏರಿ, ಮುಖವೆಲ್ಲ ಸುಟ್ಟಿತು. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತು. ಎದೆ ಡವಗುಟ್ಟಿ, ಸಾವು ಹೀಗೇ ಬರುತ್ತದೋ ಎನಿಸಿತು. ಕೆಲಸದವರು ನೋಡಬಾರದೆಂದು ಹೊರಗೆ ಬಂದು, ಬೇಗ ಬೇಗ ಮನೆಗೆ ನಡೆದರು. ಮನೆ ಮುಟ್ಟುವಾಗ ಅದೇ ಮೈ ಚಳಿಯಿಂದ ನಡುಗುತ್ತಿತ್ತು.

ಕಮಲಾವತಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಗುಜ್ಜೆ ಹೆಚ್ಚುತ್ತಿದ್ದರು. ಮೊದಲ ಎಳೆ ಹಲಸು ಆ ದಿನ ಬೆಳಿಗ್ಗೆ ಇಳಿಸಿದ್ದು. ಗಂಡನ ಮುಖ ನೋಡಿದವರೇ ಎದ್ದು, ಬಟ್ಟೆಯೊಂದನ್ನು ನೀರಲ್ಲಿ ಅದ್ದಿ ಹಿಂಡಿ ಕೊಟ್ಟರು.

"ಇನ್ನೊಮ್ಮೆ ಬಿಸಿ ಏರುವಾಗ ಕುತ್ತಿಗೆಯ ಹಿಂದೆ ಇಡಿ. ಮುಖಕ್ಕೆ ಅಲ್ಲ. ಅದು ಬಂದು ಹೋಗ್ತದೆ, ಹೆದರ್ಬೇಡಿ."

"ನಿನಗೆ ಹೇಗೆ ಗೊತ್ತು?"

"ನನಗೂ ಬರ್ತಿತ್ತು."

ಜೀವಂಧರರು ಒದ್ದೆ ಬಟ್ಟೆ ಹಿಡಿದುಕೊಂಡು ನಿಂತರು. ಯಾವಾಗ ಎಂದು ಕೇಳಿದರು. ಸಮ್ಮೇದನ ಮದುವೆಯ ಮೊದಲು ಶುರುವಾದದ್ದು, ತ್ರಿಶಾ ಅಂಗಳದಲ್ಲಿ ಓಡುವವರೆಗೆ ಇತ್ತು ಎಂದರು ಕಮಲಾವತಿ, ಮತ್ತೆ ಕೂತು ಮಣೆಯ ಕತ್ತಿಗೆ ಗುಜ್ಜೆ ಒತ್ತುತ್ತಾ. ಆ ವರ್ಷಗಳನ್ನು ಜೀವಂಧರರು ನೆನಪಿಸಿಕೊಂಡರು. ಮಗನ ಮದುವೆಗೆ ಮನೆ ತುಂಬಾ ನೆಂಟರು. ಈ ಅಡುಗೆಮನೆಯಲ್ಲಿ ದಿನವಿಡೀ ಒಲೆ.

"ಮದುವೆಯ ಹೋಳಿಗೆ ಬೇಯಿಸುವಾಗ ಸಹ?"

"ಆಗ ಸಹ."

"ನಾನು ಎಲ್ಲಿದ್ದೆ?"

"ಮಿಲ್ಲಿನಲ್ಲಿ."

ಆ ಮಾತಿನಲ್ಲಿ ದೂರು ಇರಲಿಲ್ಲ. ಉಪ್ಪಿನ ಭರಣಿ ಎಲ್ಲಿದೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದ್ದರು. ಜೀವಂಧರರು ಹೆಂಡತಿಯ ಬಗ್ಗಿದ ತಲೆಯನ್ನು, ಬಿಳಿಯಾದ ಬೈತಲೆಯನ್ನು, ಸೋಲದೆ ಕೆಲಸ ಮಾಡುತ್ತಿದ್ದ ಆ ಸಣ್ಣ ಕೈಗಳನ್ನು ತುಂಬಾ ಹೊತ್ತು ನೋಡಿದರು. ತನ್ನನ್ನು ಒಂದೇ ಮಧ್ಯಾಹ್ನದಲ್ಲಿ ಮಿಲ್ಲಿನಿಂದ ಓಡಿಸಿದ ಬೆಂಕಿಯನ್ನು ಇವಳು ವರ್ಷಗಟ್ಟಲೆ ಹೊತ್ತುಕೊಂಡು ಬಡಿಸಿದಳು, ಒರೆಸಿದಳು, ಬಾಣಂತಿಯ ಆರೈಕೆ ಮಾಡಿದಳು. ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಅವರು ಮುಂಡನ್ನು ಮಡಿಸಿ, ಮೆಲ್ಲನೆ, ಆದರೆ ಯಾವುದನ್ನೂ ಹಿಡಿಯದೆ, ಹೆಂಡತಿಯ ಎದುರು ನೆಲದ ಮೇಲೆ ಕೂತರು. ಉಳಿದ ಅರ್ಧ ಗುಜ್ಜೆಗೆ ಕೈ ಚಾಚಿದರು. ಕಮಲಾವತಿ ತಲೆಯೆತ್ತಿ ಒಮ್ಮೆ ನೋಡಿ, ತೆಂಗಿನೆಣ್ಣೆಯ ಗಿಂಡಿಯನ್ನು ಅವರತ್ತ ಸರಿಸಿದರು.

"ಮೊದಲು ಕೈಗೆ ಎಣ್ಣೆ ಹಚ್ಚಿ. ಇಲ್ಲದಿದ್ರೆ ಮೇಣ ಅಂಟ್ತದೆ."